ಚಾವಣಿಯವರು

ಎಲ್ಲರ ಪೈಕಿ ಎಂಬ ಹೆಸರಿನವರು ಈ ಊರಲ್ಲಿ ಇಷ್ಟು ಬೇಗ ಹೇಗೆ ಹಬ್ಬಿದರು ಎಂದು ಈಗಿನವರು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಾರೆ. ಅವರ ದೇವರು ಬೇರೆಯವರ ದೇವರಿಗಿಂತ ದೊಡ್ಡವನು, ಅದಕ್ಕೆ ಎನ್ನುತ್ತಾನೆ ಒಬ್ಬ. ಸತ್ತ ಮೇಲೆ ಏನೇನೋ ಸಿಗುತ್ತದೆ ಎಂದು ಆಸೆ ತೋರಿಸಿದರು ಎನ್ನುತ್ತಾನೆ ಇನ್ನೊಬ್ಬ. ಚಕ್ರವರ್ತಿ ಹೋದ ಮೇಲೆ ಜನಕ್ಕೆ ಹಿಡಿದುಕೊಳ್ಳುವುದಕ್ಕೆ ಏನಾದರೊಂದು ಬೇಕಿತ್ತು ಎಂದು ಮೂರನೆಯವನು ಗಡ್ಡ ನೀವಿಕೊಳ್ಳುತ್ತಾನೆ. ಹಿಡಿದುಕೊಳ್ಳುವುದಕ್ಕಂತೆ. ಅವನು ಹಸಿವಿನಿಂದ ಒಂದು ಹೊತ್ತು ಒದ್ದಾಡಿದವನಲ್ಲ. ಅಲ್ಲೇ ಪಕ್ಕದಲ್ಲಿ ಕೂತು ಕಾಳು ಆರಿಸುವ ನನ್ನನ್ನು ಯಾರೂ ಕೇಳುವುದಿಲ್ಲ. ನನಗೆ ಗೊತ್ತಿರುವುದು ಒಂದು ಬಾಗಿಲಿನ ವಿಷಯ ಅಷ್ಟೇ. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ವಾದ ಮುಂದುವರಿಸಲಿ.

ನಮ್ಮ ಯಜಮಾನರ ಕೆಲಸ ಬಾಗಿಲು ಮುಚ್ಚುವುದು. ಊರಿಗೆ ಅಂಟುಜ್ವರ ಬಂದಾಗ ಯಾವ ಮನೆಯಲ್ಲಿ ಕಾಯಿಲೆ ಕಾಣಿಸಿತೋ ಆ ಮನೆಯ ಬಾಗಿಲಿಗೆ ಹೊರಗಿನಿಂದ ಮಣ್ಣು ಮೆತ್ತಿ, ಅದು ಹಸಿ ಇರುವಾಗಲೇ ಚಕ್ರವರ್ತಿಯ ಮುದ್ರೆ ಒತ್ತಬೇಕು. ಮುದ್ರೆ ಕಂಚಿನದು, ಅಂಗೈ ಅಗಲ. ಅದರ ಮೇಲೆ ಸಿಂಹ. ತಲೆಮಾರುಗಳಿಂದ ಒತ್ತಿ ಒತ್ತಿ ಜೂಲೆಲ್ಲ ಸವೆದು ಅದು ಬೆಕ್ಕಾಗಿತ್ತು. ಬೀದಿಯವರು ನಮ್ಮವರನ್ನು ಬೆನ್ನ ಹಿಂದೆ ಬೆಕ್ಕಿನ ಯಜಮಾನ ಎನ್ನುತ್ತಿದ್ದರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಣ್ಣು ಕಲಸುವುದು ನನ್ನ ಪಾಲು. ಕೆಮ್ಮಣ್ಣು, ಕತ್ತರಿಸಿದ ಒಣಹುಲ್ಲು, ಒಂದಿಷ್ಟು ಸುಣ್ಣ. ಹುಲ್ಲು ಕಡಿಮೆಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ, ಸುಣ್ಣ ಹೆಚ್ಚಾದರೆ ಮುದ್ರೆ ನಿಲ್ಲುವುದಿಲ್ಲ.

ಒಳಗಿದ್ದವರನ್ನು ಸಾಯಲು ಬಿಡುತ್ತಿದ್ದರು ಎಂದುಕೊಳ್ಳಬೇಡಿ. ಅದಕ್ಕೇ ಚಾವಣಿಯವರು ಇದ್ದರು. ಅವರು ಏಣಿ ಹೊತ್ತು ಬಂದು, ಮಾಡಿನ ಮೇಲೆ ಹತ್ತಿ, ಹೊಗೆ ಹೋಗುವ ಕಿಂಡಿಯಿಂದ ಹಗ್ಗ ಕಟ್ಟಿದ ಚೀಲದಲ್ಲಿ ನೀರನ್ನೂ ಗಂಜಿಯನ್ನೂ ಇಳಿಸುತ್ತಿದ್ದರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಳಗಿದ್ದವರು ಕಿಂಡಿಯ ಕೆಳಗೆ ಪಾತ್ರೆ ಇಟ್ಟುಕೊಂಡರೆ ಸಾಕು. ಧಾನ್ಯ ಅರಮನೆಯ ಕಣಜದ್ದು. ಜ್ವರ ಬಿಟ್ಟಿದೆ ಎಂದು ವೈದ್ಯರು ಹೇಳಿದ ದಿನ ನಮ್ಮವರೇ ಹೋಗಿ ಮುದ್ರೆ ಒಡೆಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕಾಲ ಮೇಲೆ ನಡೆದು ಹೊರಗೆ ಬರುತ್ತಿದ್ದರು. ಆ ದಿನ ಮಾತ್ರ ನಮ್ಮವರು ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಈ ಊರಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು 'ಯಾರ ಪೈಕಿ' ಎಂದು. ಮಣ್ಣಿನ ಕೆಲಸದ ನಮ್ಮ ಪೈಕಿಗೆ ಒಂದು ಬಾವಿ, ಒಂದು ದೇವರು, ಒಂದು ಹೂಳುವ ಜಾಗ. ಬಣ್ಣ ಹಾಕುವವರಿಗೆ ಅವರದ್ದು. ನೇಯುವವರಿಗೆ ಅವರದ್ದು. ಒಬ್ಬರ ಬಾವಿಗೆ ಇನ್ನೊಬ್ಬರು ಕೊಡ ಇಳಿಸಿದರೆ ತಲೆ ಒಡೆಯುತ್ತಿತ್ತು. ಯಾರ ಪೈಕಿ ಎಂದು ಕೇಳದೆ ಬರುತ್ತಿದ್ದವರು ಚಕ್ರವರ್ತಿಯ ಕಡೆಯವರು ಮಾತ್ರ. ಕಂದಾಯಕ್ಕೂ ಕೇಳುತ್ತಿರಲಿಲ್ಲ, ಗಂಜಿಗೂ ಕೇಳುತ್ತಿರಲಿಲ್ಲ. ನಾವು ಅವರನ್ನು ಬಾಯಿಗೆ ಬಂದಂತೆ ಬೈದುಕೊಂಡೇ ಬದುಕಿದ್ದೆವು.

ಆಮೇಲೆ ರಾಜಧಾನಿ ಸುಟ್ಟುಹೋಯಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಬಂದು ಹೇಳಿದವರು ಯಾರೂ ಇಲ್ಲ. ಕೋಟೆಯ ದಳಪತಿ ಕಣಜ ಬರಿದು ಮಾಡಿಕೊಂಡು ಸೈನಿಕರ ಸಮೇತ ಹೊರಟ. ಊರಿನ ದೊಡ್ಡ ದೇವರನ್ನೂ ಬಿಡಲಿಲ್ಲ. ಕಂಬಳಿ ಸುತ್ತಿ ಗಾಡಿಯಲ್ಲಿ ಮಲಗಿಸಿ ಸಾಗಿಸಿದರು. ಗಾಡಿಯ ಹಿಂದಿನಿಂದ ದೇವರ ಕಾಲ ಬೆರಳುಗಳು ಕಾಣುತ್ತಿದ್ದವು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ಜ್ವರ ಬಂತು. ನಮ್ಮವರು ಮುದ್ರೆ ತೊಳೆದು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಕ್ರವರ್ತಿಯೇ ಇಲ್ಲ, ಯಾರ ಮುದ್ರೆ ಒತ್ತುತ್ತೀರಿ ಎಂದು ನಾನು ಕೇಳಿದ್ದುಂಟು. ನಿಲ್ಲಿಸು ಎಂದು ಅಪ್ಪಣೆ ಬಂದಿಲ್ಲ, ಬಂದರೆ ನಿಲ್ಲಿಸುತ್ತೇನೆ ಎಂದರು. ಅಪ್ಪಣೆ ಕೊಡುವವನೇ ಇಲ್ಲದ ಮೇಲೆ ಅದು ಬರುವುದಾದರೂ ಹೇಗೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಪಕ್ಕದ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಊರಿನ ದೊಡ್ಡವರೇ ಓಡಿಬಂದು ಅವರನ್ನು ಕರೆದೊಯ್ಯುತ್ತಿದ್ದರು. ಮುದ್ರೆ ಬಿದ್ದ ಮೇಲೆ ಎಲ್ಲರೂ ನೆಮ್ಮದಿಯಿಂದ ಕೈ ತೊಳೆದುಕೊಳ್ಳುತ್ತಿದ್ದರು. ಮಾಡಿನ ಕಡೆ ಯಾರೂ ತಲೆ ಎತ್ತಿ ನೋಡಲಿಲ್ಲ. ಚಾವಣಿಯವರು ಇದ್ದೇ ಇರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಎಲ್ಲರ ಪೈಕಿಯವರು ಅಷ್ಟರಲ್ಲಿ ಊರಿಗೆ ಬಂದಾಗಿತ್ತು. ಸುಟ್ಟ ಊರುಗಳಿಂದ ತಪ್ಪಿಸಿಕೊಂಡು ಬಂದ ಒಂದು ಹಿಡಿ ಜನ. ಹೆಬ್ಬಾಗಿಲಲ್ಲಿ ಯಾರ ಪೈಕಿ ಎಂದು ಕೇಳಿದ್ದಕ್ಕೆ ಅವರಲ್ಲಿ ಒಬ್ಬ ಮುದುಕಿ, ಎಲ್ಲರ ಪೈಕಿ ಎಂದಳಂತೆ. ಊರಿಗೆ ಊರೇ ನಕ್ಕಿತು. ಹೆಸರು ಹಾಗೇ ಉಳಿಯಿತು. ಪಾಳುಬಿದ್ದ ಸರ್ಕಾರಿ ಸ್ನಾನದ ಮನೆಯಲ್ಲಿ ಅವರು ಬಿಡಾರ ಹೂಡಿದ್ದರು. ನೀರು ಕಾಯಿಸುವ ದೊಡ್ಡ ಒಲೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ಯಾರು ಹೋಗಿ ಪಾತ್ರೆ ಒಡ್ಡಿದರೂ ಹಾಕುತ್ತಿದ್ದರು. ಹಾಗೆ ಹಾಕಿಸಿಕೊಳ್ಳುವವರನ್ನು ಕಂಡರೆ ನನಗೆ ಅಸಹ್ಯ. ಆ ಮುದುಕಿ ಯಾವಾಗಲೂ ಕೈಯಲ್ಲಿ ಸೌಟು ಹಿಡಿದಿರುತ್ತಿದ್ದಳು, ಸೌಟಜ್ಜಿ ಎನ್ನುತ್ತಿದ್ದರು. ಒಮ್ಮೆ ದಾರಿಯಲ್ಲಿ ಸಿಕ್ಕಾಗ ನಾನು ಕೆಣಕಿದೆ, ನಿಮ್ಮ ದೇವರು ಎಲ್ಲಿದ್ದಾನೆ, ಒಂದು ಕಲ್ಲಾದರೂ ತೋರಿಸಿ ಎಂದು. ನಮ್ಮ ದೇವರನ್ನು ಯಾರೂ ಗಾಡಿಗೆ ಹಾಕಿಕೊಂಡು ಹೋಗಲು ಆಗುವುದಿಲ್ಲ, ನನಗೆ ಗೊತ್ತಿರುವುದು ಇಷ್ಟೇ ಎಂದಳು. ನಾನು ಮೂಗು ಮುರಿದು ಮನೆಗೆ ಬಂದೆ.

ಒಂದು ಬೆಳಗ್ಗೆ ನಮ್ಮವರು ಒಂದು ಬಾಗಿಲಿಗಾಗುವಷ್ಟು ಮಣ್ಣು ಕಲಸು ಎಂದರು. ಎಲ್ಲಿಗೆ ಎಂದೆ. ಬಣ್ಣದವರ ಬೀದಿ ಎಂದರು. ನಮ್ಮ ಮಗಳನ್ನು ಕೊಟ್ಟದ್ದು ಅದೇ ಬೀದಿಗೆ. ಅವಳ ಮನೆ ಹತ್ತಿರವೇ, ನೋಡಿಕೊಂಡು ಬನ್ನಿ ಎಂದೆ. ಹ್ಞೂಂ ಎಂದರು. ಬುಟ್ಟಿ ಎತ್ತಲು ಹೋದವರು ಎರಡು ಸಲ ಅದನ್ನು ಕೆಳಗಿಟ್ಟರು. ವಯಸ್ಸಾಯಿತು ಎಂದುಕೊಂಡು ನಾನು ಮಣ್ಣನ್ನು ಇನ್ನೊಮ್ಮೆ ತುಳಿದು ಹದ ಮಾಡಿಕೊಟ್ಟೆ. ಅಂಥ ಒಳ್ಳೆಯ ಮಣ್ಣನ್ನು ನಾನು ಆ ವರ್ಷ ಕಲಸಿರಲಿಲ್ಲ.

ಮರುದಿನ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ನೆರೆಮನೆಯವಳು ನನ್ನ ಭುಜ ಹಿಡಿದು ಅತ್ತಳು. ನಿನ್ನ ಮಗಳಿಗೆ ಹೀಗಾಗಬಾರದಿತ್ತು ಎಂದಳು. ಏನಾಗಬಾರದಿತ್ತು ಎಂದು ಕೇಳಿದ ಮೇಲೆ ಅವಳಿಗೆ ತಾನು ಬಾಯಿ ಬಿಟ್ಟದ್ದು ತಪ್ಪಾಯಿತೆಂದು ಗೊತ್ತಾಯಿತು. ಮಗಳಿಗೆ ಜ್ವರ ಬಂದ ಕೂಡಲೇ ಅಳಿಯ ನಮ್ಮವರ ಬಳಿ ಬಂದು ಸುದ್ದಿ ಮುಟ್ಟಿಸಿ, ತನ್ನ ತಾಯಿಯನ್ನು ಕರೆದುಕೊಂಡು ಊರು ಬಿಟ್ಟಿದ್ದ. ನಮ್ಮವರು ನನ್ನ ಕೈಯಲ್ಲೇ ಮಣ್ಣು ಕಲಸಿಸಿಕೊಂಡು ಹೋಗಿ ಅವಳ ಬಾಗಿಲು ಮುಚ್ಚಿ ಬಂದಿದ್ದರು.

ಕೊಡ ಅಲ್ಲೇ ಬಿಟ್ಟು ಓಡಿದೆ. ಬಣ್ಣದವರ ಬೀದಿಯ ಚರಂಡಿಯಲ್ಲಿ ಯಾವಾಗಲೂ ನೀಲಿಯೋ ಕೆಂಪೋ ಹರಿಯುತ್ತಿರುತ್ತದೆ. ಆವತ್ತು ಒಣಗಿ ಸೀಳುಬಿಟ್ಟಿತ್ತು. ಅವಳ ಬಾಗಿಲಿನ ಮೇಲೆ ಬೆಕ್ಕು ಮೂರು ಕಡೆ ನನ್ನನ್ನೇ ನೋಡುತ್ತಿತ್ತು. ಮಣ್ಣಿಗೆ ಬಾಯಿಟ್ಟು ಮಗಳನ್ನು ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸದ್ದು ಬಂತು.

"ಅಮ್ಮಾ, ಗೋಡೆ ಮುಟ್ಬೇಡ, ನಿಂಗೂ ಅಂಟ್ಕೊಳತ್ತೆ."

"ನೀರಿದ್ಯೇನೇ?"

"ನಿನ್ನೆ ಖಾಲಿ ಆಯ್ತು. ಚಾವಣಿಯವ್ರು ಬರ್ತಾರೆ ಅಂತ ಅಪ್ಪ ಹೇಳಿ ಹೋಗಿದಾರೆ. ಯಾಕೋ ಇನ್ನೂ ಬಂದಿಲ್ಲ. ನೀನು ಒಂದ್ಸಲ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಆದರೂ ಕೈ ಸುಮ್ಮನಿರಲಿಲ್ಲ, ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದೆ. ನಾನೇ ಹದ ಮಾಡಿದ ಮಣ್ಣು, ಜಪ್ಪಯ್ಯ ಅನ್ನಲಿಲ್ಲ. ಮೊದಲ ಕಲ್ಲು ಬೆನ್ನಿಗೆ ಬಿತ್ತು. ಎದುರು ಮನೆಯ ಮಾಡಿನ ಮೇಲೆ ಬೀದಿಯವರು ನಿಂತಿದ್ದರು. ಮಗಳ ಮದುವೆಯಲ್ಲಿ ನನ್ನ ಕೈಯಿಂದ ಬಡಿಸಿಕೊಂಡು ಉಂಡವರೇ. ಒಬ್ಬ ಎರಡನೇ ಕಲ್ಲು ಕೈಯಲ್ಲಿ ಹಿಡಿದು, ನಮ್ಮ ಮನೆಯಲ್ಲೂ ಮಕ್ಕಳಿದ್ದಾರಮ್ಮ, ಹೋಗಿಬಿಡಿ ಎಂದ. ಅವನು ಅಳುತ್ತಿದ್ದ. ಅಳುತ್ತಲೇ ಎಸೆದ.

ಅಲ್ಲಿಂದ ಚಾವಣಿಯವರ ಅಂಗಳಕ್ಕೆ ಓಡಿದೆ. ಮೊದಲೆಲ್ಲ ಆ ಗೋಡೆಯುದ್ದಕ್ಕೂ ಏಣಿಗಳು ಸಾಲಾಗಿ ಒರಗಿರುತ್ತಿದ್ದವು. ಈಗ ಮೆಟ್ಟಿಲು ಮುರಿದದ್ದು ಒಂದೇ ಒಂದು ಇತ್ತು. ಅದನ್ನು ಅಡ್ಡಡ್ಡ ಕಟ್ಟಿ ಯಾರೋ ಹೆಂಗಸು ಬಟ್ಟೆ ಒಣಹಾಕಿದ್ದಳು. ಚಾವಣಿಯವರು ಎಲ್ಲಿ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಕಣಜ ಬರಿದಾದ ವಾರವೇ ಗಂಟುಮೂಟೆ ಕಟ್ಟಿದರು, ಉಳಿದ ಏಣಿಗಳನ್ನು ಚಳಿಗಾಲದಲ್ಲಿ ನಾವೇ ಸೌದೆ ಮಾಡಿದೆವು ಎಂದಳು. ಚಳಿಗಾಲದಲ್ಲಿ. ಜ್ವರ ಬಂದದ್ದು ಬೇಸಿಗೆಯಲ್ಲಿ. ಅಂದರೆ ಈ ಬೇಸಿಗೆಯಲ್ಲಿ ಮುಚ್ಚಿದ ಒಂದೇ ಒಂದು ಮನೆಗೂ ಮೇಲಿನಿಂದ ಒಂದು ಹನಿ ಇಳಿದಿರಲಿಲ್ಲ.

ಮನೆಗೆ ಬಂದಾಗ ನಮ್ಮವರು ಮೂಲೆಯಲ್ಲಿ ಕೂತು ಮುದ್ರೆಗೆ ಎಣ್ಣೆ ಸವರುತ್ತಿದ್ದರು. ಕಂಡದ್ದನ್ನೆಲ್ಲ ಹೇಳಿದೆ. ಅವರು ತಲೆ ಎತ್ತಲಿಲ್ಲ. ಆ ಹೆಂಗಸಿಗೆ ಏನು ಗೊತ್ತು, ಬೇರೆ ಊರಿಂದ ಹೊಸ ತಂಡ ಬಂದಿರುತ್ತದೆ ಎಂದರು. ಏಣಿ ಇಲ್ಲದೆಯೋ ಎಂದೆ. ಏಣಿ ತಂದಿರುತ್ತಾರೆ ಎಂದರು. ಬನ್ನಿ, ಬಂದು ಬಾಗಿಲು ಒಡೆಯಿರಿ, ನಿಮ್ಮನ್ನು ಕಂಡರೆ ಬೀದಿಯವರು ಕಲ್ಲು ಎಸೆಯುವುದಿಲ್ಲ ಎಂದು ಕಾಲು ಹಿಡಿದೆ. ವೈದ್ಯರು ಹೇಳದೆ ಒಡೆಯುವ ಹಾಗಿಲ್ಲ ಎಂದರು. ವೈದ್ಯರು ಸತ್ತು ಎಷ್ಟೋ ದಿನವಾಗಿತ್ತು, ಅವರ ಬಾಗಿಲನ್ನು ಮುಚ್ಚಿದವರೂ ಇವರೇ. ಆಗ ಅವರ ಮುಖ ನೋಡಿದೆ. ಮಗಳ ಮೇಲೆ ಪ್ರೀತಿಯಿಲ್ಲದವರ ಮುಖವಲ್ಲ ಅದು. ಈ ಒಂದು ಬಾಗಿಲು ಒಡೆದರೆ ಚಾವಣಿಯವರಿಲ್ಲ ಎಂದು ಒಪ್ಪಿದಂತೆ. ಒಪ್ಪಿದರೆ ಉಳಿದ ಬಾಗಿಲುಗಳ ಲೆಕ್ಕ ಯಾರು ಹೊರಬೇಕು? ಅದನ್ನು ಹೊರಲಾರದೆ ಆ ಮನುಷ್ಯ ಮಗಳನ್ನು ಒಳಗೇ ಬಿಡಲು ಸಿದ್ಧನಾಗಿ ಕೂತಿದ್ದ.

"ನೀನು ಮನುಷ್ಯ ಅಲ್ಲ," ಎಂದೆ. ಮದುವೆಯಾದ ದಿನದಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು. ಅವರು ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

ನಮ್ಮಣ್ಣ ನಮ್ಮ ಪೈಕಿಗೆಲ್ಲ ಹಿರಿಯ. ಅವನ ಮನೆಗೆ ಹೋದೆ. ಕೂರಿಸಿದ, ನೀರು ಕೊಟ್ಟ, ಕಣ್ಣೀರೂ ಹಾಕಿದ. ಆದರೆ ಅವಳು ಈಗ ಬಣ್ಣದವರ ಪೈಕಿ, ಅವರ ಬೀದಿಗೆ ನಾವು ನಾಲ್ಕು ಜನ ನುಗ್ಗಿದರೆ ನಾಳೆ ಅವರು ನಮ್ಮ ಬಾವಿಗೆ ಬರುತ್ತಾರೆ ಎಂದ. ಹಿಂದೆ ಹೀಗೇನಾದರೂ ಆದರೆ ಕೋಟೆಗೆ ದೂರು ಕೊಡಬಹುದಿತ್ತು, ಈಗ ಕೊಡುವುದಾದರೂ ಯಾರಿಗೆ ಎಂದು ಕೈ ಚೆಲ್ಲಿದ. ಬಣ್ಣದವರ ಹಿರಿಯನ ಬಳಿಯೂ ಹೋದೆ. ಗಂಡನೇ ಬಿಟ್ಟುಹೋದವಳು ಮಣ್ಣಿನವರ ಮಗಳಲ್ಲವೇ, ಅವಳಪ್ಪನೇ ಮುದ್ರೆ ಒತ್ತಿದ್ದಾನೆ, ನಾವು ಹೇಗೆ ಒಡೆಯುವುದು ಎಂದು ಅವನು ಬಾಗಿಲ ಸಂದಿಯಿಂದಲೇ ಮಾತಾಡಿ ಕಳಿಸಿದ. ನನ್ನ ಮಗಳು ಬದುಕಿರುವಾಗಲೇ ಯಾರ ಪೈಕಿಯೂ ಅಲ್ಲದವಳಾಗಿದ್ದಳು. ಬೆಳಕು ಹರಿಯುವುದನ್ನೇ ಕಾದು ದೊಡ್ಡ ದೇವರ ಗುಡಿಗೆ ಓಡಿದೆ. ಪೀಠದ ಮೇಲೆ ಪಾರಿವಾಳ ಕೂತಿತ್ತು. ಅಡ್ಡಬಿದ್ದೆ. ಯಾರಿಗೆ ಅಡ್ಡಬಿದ್ದೆನೋ ನನಗೇ ಗೊತ್ತಿಲ್ಲ.

ಇನ್ನು ಉಳಿದದ್ದು ಸ್ನಾನದ ಮನೆ ಒಂದೇ. ನನಗೆ ನಂಬಿಕೆ ಬಂದು ಹೋದೆ ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಬೂದಿ ಹಾಕುತ್ತೇನೆ. ಹೋಗಲು ಬೇರೆ ಬಾಗಿಲು ಇರಲಿಲ್ಲ, ಹೋದೆ. ಒಳಗೆ ಬಿಸಿ, ಹೊಗೆ, ಗಂಜಿಯ ವಾಸನೆ. ಒಣಗಿದ ನೀರುತೊಟ್ಟಿಯೊಳಗೆ ಸಾಲಾಗಿ ಜನ ಮಲಗಿದ್ದರು. ಬಣ್ಣ ಮೆತ್ತಿದ ಉಗುರಿನವರು, ನೇಯುವವರು, ನಮ್ಮ ಪೈಕಿಯ ಒಬ್ಬ ಮುದುಕ ಕೂಡ, ಎಲ್ಲರೂ ಒಂದೇ ತೊಟ್ಟಿಯಲ್ಲಿ. ಜ್ವರದವರ ನಡುವೆ ಸೌಟಜ್ಜಿ ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಓಡಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳತೊಡಗಿದೆ: ನಾನು ಮುದ್ರೆಯವರ ಹೆಂಡತಿ, ನಮ್ಮ ಪೈಕಿ ಇಂಥದ್ದು, ನಮ್ಮಣ್ಣ ಇಂಥವನು ಎಂದು. ಅಜ್ಜಿ ನಡುವೆಯೇ ತಡೆದಳು.

"ಯಾವ ಬೀದಿ, ಅಷ್ಟು ಹೇಳಮ್ಮ."

ಅಜ್ಜಿ ಒಂದು ಕೊಡ ನೀರು ಎತ್ತಿಕೊಂಡಳು. ಸೈನ್ಯ ಬಿಟ್ಟು ಓಡಿಬಂದಿದ್ದ ಒಬ್ಬ ಸಿಪಾಯಿ ಕಬ್ಬಿಣದ ಹಾರೆ ಹೆಗಲಿಗೇರಿಸಿದ. ಹಿಂದೆಮುಂದೆ ನೋಡದೆ ಹೊರಟೇಬಿಟ್ಟರು. ಬೀದಿಯಲ್ಲಿ ನಡೆಯುವಾಗ ನನ್ನ ಎದೆಯಲ್ಲಿ ಮೊದಲ ಸಲ ಒಂದಿಷ್ಟು ಉಸಿರು ಬಂತು.

ಆದರೆ ಅರ್ಧ ದಾರಿಯಲ್ಲಿ, ನೇಯುವವರ ಬೀದಿಯಲ್ಲಿ, ಮುದ್ರೆ ಬಿದ್ದ ಇನ್ನೊಂದು ಬಾಗಿಲು ಸಿಕ್ಕಿತು. ಅಜ್ಜಿ ನಿಂತಳು. ಕಿವಿ ಕೊಟ್ಟು ಕೇಳಿದಳು. ಒಳಗೆ ಏನೋ ಕೆರೆದ ಸದ್ದು. ಅವಳು ಕೊಡ ಕೆಳಗಿಟ್ಟು ಸಿಪಾಯಿಗೆ ಸನ್ನೆ ಮಾಡಿದಳು. ನಾನು ಹಾರೆಗೆ ಅಡ್ಡ ಬಂದೆ. ಮೊದಲು ನನ್ನ ಮಗಳು, ಇವರು ಯಾರೋ ಏನೋ, ಕರೆದವಳು ನಾನಲ್ಲವೇ ಎಂದು ಕಿರುಚಿದೆ. ಅಜ್ಜಿ ನನ್ನ ಕೈ ಬಿಡಿಸಿದಳು.

"ಇದೂ ಒಬ್ಬಳು ಹೆತ್ತ ಜೀವಾನೇ. ಹತ್ರ ಇರೋದನ್ನ ದಾಟಿ ಹೋಗೋಕ್ಕೆ ನಂಗೆ ಬರಲ್ಲಮ್ಮ."

ಸಿಪಾಯಿ ಒಡೆಯತೊಡಗಿದ. ನನ್ನ ಮಣ್ಣು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಾರೆ ಹಾಕಿದಷ್ಟೂ ಉಗುರಿನಷ್ಟೇ ಉದುರುತ್ತಿತ್ತು. ಕೊಡ ಎತ್ತಿಕೊಂಡು ನಾನೊಬ್ಬಳೇ ಓಡಲೇ ಎಂದು ನೋಡಿದೆ. ಏಣಿಯೂ ಇಲ್ಲದೆ, ಹಾರೆಯೂ ಇಲ್ಲದೆ ಆ ನೀರು ಒಳಗೆ ಹೋಗುವ ದಾರಿ ಇರಲಿಲ್ಲ. ಬಾಗಿಲು ಬಿಚ್ಚಿಕೊಂಡಾಗ ಒಳಗೆ ಒಬ್ಬ ನಡುವಯಸ್ಸಿನ ಗಂಡಸು, ಪಕ್ಕದಲ್ಲಿ ಸತ್ತ ಹೆಂಡತಿ. ಅವನಿಗೆ ಜೀವ ಇತ್ತು. ಅಜ್ಜಿ ಅವನ ತುಟಿಗೆ ಹನಿ ಹನಿಯಾಗಿ ನೀರು ಬಿಟ್ಟಳು, ಹಡೆದವಳು ಕೂಸಿಗೆ ಕುಡಿಸುವಷ್ಟು ನಿಧಾನವಾಗಿ. ಕೊಡದಲ್ಲಿ ನೀರು ಇಳಿದಷ್ಟೂ ನನ್ನ ಮಗಳ ಪಾಲು ಇಳಿದಂತೆ ಕಾಣುತ್ತಿತ್ತು. ಅವನು ಬದುಕಿದ. ಈಗಲೂ ಇದ್ದಾನೆ. ಎದುರು ಸಿಕ್ಕಾಗಲೆಲ್ಲ ಕೈ ಮುಗಿಯುತ್ತಾನೆ, ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಬಣ್ಣದವರ ಬೀದಿಗೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲುಗಳು ಬಿದ್ದವು. ಒಂದು ಅಜ್ಜಿಯ ಹಣೆಗೆ ತಾಗಿತು. ಅವಳು ರಕ್ತ ಒರೆಸಿಕೊಂಡು, ನಿಮ್ಮ ಮನೆಗೆ ಜ್ವರ ಬಂದರೂ ನಾವು ಬರುತ್ತೇವೆ, ಸ್ವಲ್ಪ ಹೊತ್ತು ತಾಳಿ ಎಂದು ಮಾಡಿನ ಕಡೆಗೆ ಹೇಳಿದಳು. ಬೈದದ್ದಲ್ಲ, ಬೆದರಿಸಿದ್ದೂ ಅಲ್ಲ. ಆಮೇಲೆ ಕಲ್ಲು ಬೀಳಲಿಲ್ಲ. ಹಾರೆಯ ಸದ್ದಿಗೆ ಒಳಗಿನಿಂದ ಉತ್ತರ ಬರಲಿಲ್ಲ. ನಾನು ಕೂಗುತ್ತಲೇ ಇದ್ದೆ.

ಕೋಣೆಯ ನಡುವೆ, ಹೊಗೆಕಿಂಡಿಯ ಸರಿಯಾಗಿ ಕೆಳಗೆ, ಅವಳು ದೊಡ್ಡ ಪಾತ್ರೆ ಇಟ್ಟುಕೊಂಡಿದ್ದಳು. ಚೀಲ ಇಳಿದರೆ ಚೆಲ್ಲಬಾರದೆಂದು ಅದರ ಸುತ್ತ ಬಟ್ಟೆ ತುರುಕಿ ಭದ್ರ ಮಾಡಿದ್ದಳು. ಪಕ್ಕದಲ್ಲಿ ಮಲಗಿ ಕಿಂಡಿಯನ್ನೇ ನೋಡುತ್ತಿದ್ದಳು. ಕಣ್ಣು ತೆರೆದೇ ಇತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ.

ನೇಯುವವನ ಬಾಗಿಲಲ್ಲಿ ನಿಲ್ಲದಿದ್ದರೆ ಇವಳು ಉಳಿಯುತ್ತಿದ್ದಳೇ? ಯಾರಿಗೂ ಗೊತ್ತಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂತು ನನ್ನಷ್ಟೇ ಅತ್ತಳು. ನಾನು ಅವಳ ಕೆನ್ನೆಗೆ ಹೊಡೆದೆ. ಅವಳು ಸುಮ್ಮನೆ ಹೊಡೆಸಿಕೊಂಡಳು. ಹೆಣ ಹೊರಲು ನಮ್ಮ ಪೈಕಿಯವರು ಬರಲಿಲ್ಲ, ಬಣ್ಣದವರೂ ಬರಲಿಲ್ಲ. ಒಂದು ಕಡೆ ಸಿಪಾಯಿ, ಒಂದು ಕಡೆ ನಾನು ಹೊತ್ತೆವು. ಎಲ್ಲರ ಪೈಕಿಯವರು ತಮ್ಮ ಹೂಳುವ ಜಾಗದಲ್ಲಿ ಯಾರ ಪೈಕಿ ಎಂದು ಕೇಳದೆ ಆರಡಿ ನೆಲ ಕೊಟ್ಟರು. ಅಷ್ಟು ಮಾಡಿದವರನ್ನು ದ್ವೇಷಿಸುವುದಕ್ಕೂ ನನಗೆ ಆಗಲಿಲ್ಲ, ಕ್ಷಮಿಸುವುದಕ್ಕೂ ಆಗಲಿಲ್ಲ.

ಮಗಳನ್ನು ಎತ್ತುವ ಮೊದಲೇ ನಮ್ಮವರು ಬಂದಿದ್ದರು. ಯಾರು ಹೇಳಿದರೋ. ಒಡೆದ ಬಾಗಿಲ ಬಳಿ ನಿಂತು ಮಗಳನ್ನು ನೋಡಲಿಲ್ಲ, ಆ ಪಾತ್ರೆಯನ್ನು ನೋಡಿದರು. ಅದು ಒಣಗಿತ್ತು. ಬಗ್ಗಿ ಕೈಯಾಡಿಸಿ ನೋಡಿದರು. ಸೊಂಟದಿಂದ ಮುದ್ರೆ ತೆಗೆದು ಅದರೊಳಗೆ ಇಟ್ಟರು. ಅಜ್ಜಿ ಅವರನ್ನು ಒಂದು ಮಾತು ಬೈಯಲಿಲ್ಲ. ಬೈಯಬೇಕಿತ್ತು, ಉಗಿಯಬೇಕಿತ್ತು, ನನಗೆ ಅದು ಬೇಕಿತ್ತು. ಅವಳು ಕೇಳಿದ್ದು ಇಷ್ಟೇ, ಉಳಿದ ಬಾಗಿಲುಗಳು ಎಲ್ಲೆಲ್ಲಿವೆ, ನಿಮಗೆ ಗೊತ್ತಲ್ಲವೇ ಎಂದು.

ಅವರಿಗೆ ಗೊತ್ತಿತ್ತು. ಮುಂದಿನ ದಿನಗಳಲ್ಲಿ ಅವರು ಮುಂದೆ, ಸಿಪಾಯಿ ಹಿಂದೆ, ಬೀದಿ ಬೀದಿ ಸುತ್ತಿ ಎಲ್ಲವನ್ನೂ ಒಡೆದರು. ಕೆಲವು ಬಾಗಿಲುಗಳ ಹಿಂದೆ ಉಸಿರು ಇತ್ತು. ಹೆಚ್ಚಿನವುಗಳ ಹಿಂದೆ ಇರಲಿಲ್ಲ. ಪ್ರತಿ ಮನೆಯಲ್ಲೂ ಕಿಂಡಿಯ ಕೆಳಗೆ ಒಂದು ಪಾತ್ರೆ ಇತ್ತು. ನಮ್ಮವರು ಒಂದೊಂದನ್ನೂ ಎತ್ತಿ ನೋಡಿ ಪಕ್ಕಕ್ಕಿಡುತ್ತಿದ್ದರಂತೆ. ನಾನು ಹೋಗಲಿಲ್ಲ, ಸಿಪಾಯಿ ಹೇಳಿದ್ದು. ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಒಂದು ಸಂಜೆ ಅವರು ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಮೈ ಕೆಂಡ. ಹೊಸ್ತಿಲ ಒಳಗೆ ಬಿದ್ದವರು ನನ್ನ ಕಡೆ ನೋಡದೆ ಹೇಳಿದರು.

"ಮಣ್ಣು ಕಲಸು. ನೀನು ಹೊರಗೆ ಹೋಗಿ ಮುಚ್ಬಿಡು."

ಹಿತ್ತಿಲ ತೊಟ್ಟಿಯಲ್ಲಿ ಮಣ್ಣು ಇತ್ತು. ಮೇಲ್ಗಡೆ ಗಟ್ಟಿಯಾಗಿತ್ತು, ಒಂದು ಚೆಂಬು ನೀರು ಹಾಕಿ ತುಳಿದರೆ ಹದಕ್ಕೆ ಬರುತ್ತಿತ್ತು. ಚೆಂಬು ಹಿಡಿದು ನಿಂತೆ. ನೆರೆಯವಳು ಗೋಡೆಯಾಚೆಯಿಂದ, ಇನ್ನೂ ಒಳಗೇ ಇದ್ದೀಯಾ, ಹೊರಗೆ ಬಾ, ಬಾಗಿಲು ಮುಚ್ಚಲು ನಾವೆಲ್ಲ ಕೈ ಹಾಕುತ್ತೇವೆ ಎಂದಳು. ಸೌಟಜ್ಜಿ ಬಂದು ಬಾಗಿಲಲ್ಲಿ ನಿಂತಿದ್ದಳು, ಹಣೆಯ ಗಾಯ ಇನ್ನೂ ಮಾಗಿರಲಿಲ್ಲ. ನಿನಗೆ ಆಗದಿದ್ದರೆ ಬಿಡು, ನಾನು ನೋಡಿಕೊಳ್ಳುತ್ತೇನೆ, ಯಾರೂ ನಿನ್ನನ್ನು ತಪ್ಪು ಎನ್ನುವುದಿಲ್ಲ ಎಂದಳು. ನನ್ನ ಮಗಳ ಬಾಗಿಲು ಮುಚ್ಚಿದವನಿಗೂ ಅವಳ ಕೊಡದಲ್ಲಿ ನೀರಿತ್ತು. ಅವಳ 'ಎಲ್ಲರ ಪೈಕಿ'ಯಲ್ಲಿ ಇವನೂ ಸೇರಿದ್ದಾನೆ ಎಂದು ನನಗೆ ಆಗ ಅರ್ಥವಾಯಿತು. ಅದನ್ನು ತಾಳಿಕೊಳ್ಳುವುದು ಮಗಳ ಹೆಣ ಹೊತ್ತದ್ದಕ್ಕಿಂತ ಕಷ್ಟವಾಯಿತು. ಬೇಡ, ನೀವು ಹೋಗಿ, ಇದು ನನ್ನ ಬಾಗಿಲು ಎಂದೆ.

ನಾನು ಕ್ಷಮಿಸಲಿಲ್ಲ. ಇವತ್ತಿಗೂ ಕ್ಷಮಿಸಿಲ್ಲ. ಅವರು ಉಳಿಯಲೂ ಇಲ್ಲ, ಉಳಿಯಲಿ ಎಂದು ನಾನು ಹರಕೆ ಹೊತ್ತವಳೂ ಅಲ್ಲ. ಚೆಂಬಿನ ನೀರನ್ನು ಮಣ್ಣಿಗೆ ಹಾಕದೆ ಒಳಗೆ ತಂದೆ, ಅಷ್ಟೇ. ಪಕ್ಕದಲ್ಲಿ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಜ್ವರದಲ್ಲಿ ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವರ ಕಣ್ಣು ನಮ್ಮ ಮನೆಯ ಹೊಗೆಕಿಂಡಿಯ ಮೇಲೆ ನೆಟ್ಟಿತ್ತು, ಕೈ ನೆಲದ ಮೇಲೆ ಪಾತ್ರೆಗಾಗಿ ತಡಕಾಡುತ್ತಿತ್ತು.

"ಚಾವಣಿಯವ್ರು ಬಂದ್ರಾ?" ಎಂದು ಕೇಳಿದರು.

"ಬಂದಿದೀವಿ," ಎಂದೆ. "ಕುಡೀರಿ."